ವಿಮಾನದಲ್ಲಿ ಸೀಟು ಹಿಡಿದ ಅಣ್ಣ

ನಮ್ಮ ಅಣ್ಣನಿಗೆ ಒಂದು ವಿಮಾನ ಕಂಪನಿಯ ಮೇಲೆ ವಿಪರೀತ ಅಭಿಮಾನ. ಅದರಲ್ಲಿ ಅವನದೇನೂ ಪಾಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ಅದರ ವಿಮಾನ ಹತ್ತಿ ಹೋಗಿ ಬಂದಿದ್ದಾನೆ, ಅಷ್ಟೆ. ಆದರೂ ಅದನ್ನವನು ‘ನಮ್ಮ ಕಂಪನಿ’ ಎಂದೇ ಕರೆಯುವುದು. ಪೇಪರಿನಲ್ಲಿ ಅದರ ಸುದ್ದಿ ಬಂತೆಂದರೆ ಜುಗೂಳದ ತೋಟದಿಂದ ಚಿಕ್ಕೋಡಿಯ ನನ್ನ ಮನೆಗೆ ಫೋನ್ ಬಂದೇ ಬರುತ್ತದೆ. ನಾನು ಹಲ್ಲುಜ್ಜುತ್ತಿರಲಿ, ಕಾಲೇಜಿಗೆ ಹೊತ್ತಾಯಿತೆಂದು ಸ್ಕೂಟರಿಗೆ ಒದೆಯುತ್ತಿರಲಿ, ಪೂರ್ತಿ ಕೇಳಲೇಬೇಕು.

ಮೊನ್ನೆಯೂ ಬಂತು.

“ಪೇಪರ ನೋಡಿದ್ಯೇನ ತಮ್ಮಾ? ನಮ್ಮ ಕಂಪನಿ ಮತ್ತ ಹೊಸಾ ವಿಮಾನಾ ತಗೊಳ್ಳಾಕತ್ತೈತಿ. ಎಲ್ಲಾ ದೊಡ್ಡೂವು. ಅಮೇರಿಕಾಕ್ಕ ಸೀದಾ ಬಿಡ್ತಾರಂತ.”

“ಬಿಡ್ಲೇಳು ಅಣ್ಣಾ.”

“ಬಿಡ್ಲೇಳು ಅಂದ್ರೇನೋ? ಹದಿನೈದ ತಾಸ ನಡುವ ಎಲ್ಲೂ ನಿಲ್ಲೂದಿಲ್ಲಂತ! ನಮ್ಮ ಅಥಣಿ ಗಾಡಿ ನೋಡು, ಕಾಗವಾಡದಾಗ ಚಹಾಕ್ಕ ನಿಲ್ಲತೈತಿ, ಉಗಾರದಾಗ ಡ್ರಾಯವ್ಹರ ಅವನ ಬೀಗರನ್ನ ಮಾತಾಡ್ಸಾಕ ನಿಲ್ಲಸ್ತಾನ.”

ಆಮೇಲೆ ಅವನ ಚಿಂತೆ ಶುರುವಾಯಿತು. ಇಷ್ಟು ವಿಮಾನ ತಂದು ನಿಲ್ಲಿಸುವುದೆಲ್ಲಿ? ನಮ್ಮ ತೋಟದ ನೆರೆಯವರು ಮೂರನೆಯ ಟ್ರ್ಯಾಕ್ಟರ್ ತಂದು, ಅಂಗಳದಲ್ಲಿ ಜಾಗ ಸಾಲದೆ ಈಗ ನಮ್ಮ ಗೇಟಿನ ಮುಂದೆ ನಿಲ್ಲಿಸುತ್ತಾರೆ. ವಿಮಾನದವರೂ ಹೀಗೇ ಮಾಡಿದರೆ ಹೇಗೆ ಎಂದು ಅವನು ನಿಜವಾಗಿಯೂ ಕೇಳಿದ. ಬೇರೆ ಯಾರಾದರೂ ಹೀಗೆ ಕೇಳಿದ್ದರೆ ನಾನು ಹೊಟ್ಟೆ ತುಂಬ ನಕ್ಕು, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿ ಅವರನ್ನೂ ನಗಿಸುತ್ತಿದ್ದೆ. ಅಣ್ಣ ಕೇಳಿದಾಗ ಮಾತ್ರ ನಗು ಬರುವುದಿಲ್ಲ. ಫೋನ್ ಇಟ್ಟ ಮೇಲೆ ಕಿವಿ ಬಿಸಿಯಾಗುತ್ತದೆ. ನನ್ನ ಹೆಂಡತಿ ಕೇಳುತ್ತಾಳೆ, ಭಾವನವರು ಏನಂದ್ರು ಅಂತ. ಏನಿಲ್ಲ, ವಿಮಾನದ ಸುದ್ದಿ ಅನ್ನುತ್ತೇನೆ.

ಏನಿಲ್ಲ ಅಂದದ್ದು ಸುಳ್ಳು. ಅಣ್ಣ ಮಾಡಿದ ಆ ಒಂದೇ ಒಂದು ವಿಮಾನ ಪ್ರಯಾಣದಲ್ಲಿ ನಾನೂ ಇದ್ದೆ. ಅಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಬೇಕೆಂದೇ ಇವತ್ತು ಕೂತಿದ್ದೇನೆ. ಆದರೆ ವಿಮಾನ ಹತ್ತುವ ಮೊದಲು ನಿಮ್ಮನ್ನು ಸ್ವಲ್ಪ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಬೇಕಾಗಿದೆ. ಬೇಸರ ಮಾಡಿಕೊಳ್ಳಬೇಡಿ.

ಬಸ್ಸಿನಲ್ಲಿ ಸೀಟು ಹಿಡಿಯುವುದು ನಮ್ಮ ಕಡೆ ಒಂದು ವಿದ್ಯೆ. ಬಸ್ಸು ಸ್ಟ್ಯಾಂಡಿಗೆ ತಿರುಗುತ್ತಿರುವಾಗಲೇ ಅದರ ಜೊತೆಗೆ ಓಡಬೇಕು. ಓಡುತ್ತ ಓಡುತ್ತ ಕಿಟಕಿಯಿಂದ ಟವೆಲ್ಲು ಒಗೆಯಬೇಕು. ಟವೆಲ್ಲು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಒಗೆದವನದು. ಟೊಪ್ಪಿಗೆ ಒಗೆಯುವವರುಂಟು, ಪಾಟೀಚೀಲ ಒಗೆಯುವವರುಂಟು. ಕೈಗೆ ಏನೂ ಸಿಗದೆ ಒಬ್ಬರು ಕಾಲಿನ ಚಪ್ಪಲಿ ಬಿಚ್ಚಿ ಒಗೆದದ್ದನ್ನೂ ನಾನು ಕಂಡಿದ್ದೇನೆ. ಒಮ್ಮೆ ಟವೆಲ್ಲು ಬಿದ್ದ ಮೇಲೆ ಯಾರೂ ತಕರಾರು ಮಾಡುವುದಿಲ್ಲ. ನಾಲ್ಕು ಊರ ಜಗಳಗಂಟರು ಕೂಡ ಟವೆಲ್ಲು ನೋಡಿ ಮುಂದಿನ ಸೀಟಿಗೆ ಹೋಗುತ್ತಾರೆ. ಅದರ ಮಾಲೀಕ ಇನ್ನೂ ಕೆಳಗೆ ನಿಂತು ಗೆಣಸು ತೂಗಿಸಿಕೊಳ್ಳುತ್ತಿದ್ದರೂ ಸರಿಯೇ.

ಈ ವಿದ್ಯೆಯಲ್ಲಿ ಅಣ್ಣನನ್ನು ಮೀರಿಸುವವರಿರಲಿಲ್ಲ. ಬಿಸಿಲು ಯಾವ ಮಗ್ಗುಲಿಗೆ ಬೀಳುತ್ತದೆ, ಯಾವ ಕಿಟಕಿಯ ಗಾಜು ಸರಿಯುವುದಿಲ್ಲ ಎಲ್ಲವೂ ಅವನಿಗೆ ಗೊತ್ತು. ಆದರೆ ಅವನು ಹಿಡಿದ ಸೀಟಿನಲ್ಲಿ ಅವನು ಕೂತದ್ದನ್ನು ನಾನು ನೋಡಿಲ್ಲ. ಅದು ನನಗೆ. ನನಗೆ ಗಾಡಿ ಹತ್ತಿದರೆ ಸಾಕು, ವಾಂತಿ. ಡೀಸೆಲ್ಲು, ಬೀಡಿ, ಯಾರದೋ ಚೀಲದ ಒಣಮೀನು ಎಲ್ಲ ಸೇರಿದ ಆ ವಾಸನೆಗೆ ಕಾಗವಾಡ ಬರುವುದರೊಳಗೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರುತ್ತಿತ್ತು. ಅದಕ್ಕೇ ನನಗೆ ಕಿಟಕಿ ಬೇಕು. ಕಿಟಕಿಯ ಸೀಟಿನಲ್ಲಿ ನನ್ನನ್ನು ಕೂರಿಸಿ, ಅಂಗಿಯ ಕಿಸೆಯಿಂದ ಲಿಂಬೆಹಣ್ಣು ತೆಗೆದು ಮೂಸಲು ಕೊಟ್ಟು, ತಾನು ಕಂಬಿ ಹಿಡಿದು ಮಿರಜದವರೆಗೆ ನಿಂತೇ ಬರುತ್ತಿದ್ದ. ನನಗಿಂತ ಆರೇ ವರ್ಷ ದೊಡ್ಡವನು. ಯಾರಾದರೂ ಸರಿದು ಜಾಗ ಕೊಟ್ಟರೆ, “ಇರ್ಲಿ ಬಿಡ್ರಿ, ತಮ್ಮನ ಮ್ಯಾಲ ಲಕ್ಷ ಇಡಬೇಕ ನಾ” ಅನ್ನುತ್ತಿದ್ದ.

ನಾನು ಓದಿದೆ, ಇಂಗ್ಲಿಷ್ ಲೆಕ್ಚರರ್ ಆದೆ, ವಾಂತಿಯೂ ನಿಂತಿತು. ಅಣ್ಣ ತೋಟ ನೋಡಿಕೊಂಡ. ನದಿಯ ಕಡೆ ಕಬ್ಬು, ಮೇಲಿನ ಮಡ್ಡಿ ನೆಲದಲ್ಲಿ ದ್ರಾಕ್ಷಿ. ದ್ರಾಕ್ಷಿ ಚೆನ್ನಾಗಿ ಕೈಹಿಡಿದು, ಪೆಟ್ಟಿಗೆಗಳು ಹಡಗು ಹತ್ತಿ ಹಾಲಂಡಿಗೆ ಹೋಗತೊಡಗಿದವು. ಹೀಗೆ ನಮ್ಮ ಹಣ್ಣು ಹೋಗುವ ಊರನ್ನು ನಾವೂ ಒಮ್ಮೆ ನೋಡಬಾರದೇಕೆ ಎಂದು ಬೆಳೆಗಾರರಿಗೆಲ್ಲ ಅನಿಸಿತು. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿದ್ದ ಕಾಲ. ವಿಮಾನ ಕಂಪನಿಗಳೆಲ್ಲ ಹುರುಪಿನಲ್ಲಿದ್ದವು. ನಮ್ಮ ಅಣ್ಣನ ಈ ಕಂಪನಿಯೂ ಹೊಸ ದೊಡ್ಡ ವಿಮಾನಗಳನ್ನು ತಂದು ಮುಂಬಯಿಯಿಂದ ದೂರ ದೂರದ ದೇಶಗಳಿಗೆ ಸೀದಾ ಬಿಡತೊಡಗಿತ್ತು.

ಟಿಕೆಟ್ ಮಾಡಿಸಿಕೊಡಲು ನಿಪ್ಪಾಣಿಯಿಂದ ಒಬ್ಬ ಏಜೆಂಟ್ ಬಂದ. ಕಂಪನಿಯ ಬಣ್ಣದ ನಕಾಶೆಯನ್ನು ನಮ್ಮ ಪಡಸಾಲೆಯಲ್ಲಿ ಹಾಸಿದ. ಮುಂಬಯಿಯಿಂದ ಹೊರಟ ಕೆಂಪು ಗೆರೆಗಳು ಲೋಕದ ಎಲ್ಲ ಮೂಲೆಗೂ ಹೋಗಿದ್ದವು. ತುಂಡು ತುಂಡು ಗೆರೆಗಳು ಇನ್ನು ಮುಂದೆ ಹೋಗಲಿರುವ ಊರುಗಳು. ಅಣ್ಣ ಮೊಣಕಾಲೂರಿ ಕೂತು ಬಹಳ ಹೊತ್ತು ನೋಡಿದ.

“ಬಳ್ಳಿ ಚಲೋ ಹಬ್ಬೇತ್ರಿ. ಆದ್ರ ಒಮ್ಮೆಲೇ ಇಷ್ಟ ಕಡ್ಡಿ ಬಿಟ್ರ ಬುಡಾ ತಡೀಬೇಕಲ್ಲ? ಸ್ವಲ್ಪ ಕತ್ತರಿ ಹಾಕ್ರಿ ಅಂತ ಹೇಳ್ರಿ ಅವ್ರಿಗೆ” ಅಂದ.

ಏಜೆಂಟ್ ನಕ್ಕ. ನಾನೂ ನಕ್ಕೆ. ಮುಂದೆ ಎಷ್ಟೋ ಕಂಪನಿಗಳು ಹಬ್ಬಿದ ಬಳ್ಳಿಯನ್ನು ಹೊರಲಾರದೆ ಒಣಗಿದವು. ಆಗ ಪೇಪರಿನಲ್ಲಿ ದೊಡ್ಡ ದೊಡ್ಡವರು ಬರೆದದ್ದು ಅಣ್ಣನ ಈ ಮಾತನ್ನೇ.

ಹದಿನೆಂಟು ಮಂದಿ ಹೊರಡುವುದೆಂದಾಯಿತು. ಇಂಗ್ಲಿಷ್ ಬಲ್ಲವನೊಬ್ಬ ಬೇಕಲ್ಲ, ಬೇಸಿಗೆ ರಜೆ ಬೇರೆ, ಅಣ್ಣ ನನ್ನ ಹೆಸರನ್ನೂ ಬರೆಸಿದ. ನನಗೂ ಅದು ಮೊದಲ ವಿಮಾನವೇ. ಆದರೆ ಅದನ್ನು ಒಪ್ಪಿಕೊಂಡರೆ ಇಂಗ್ಲಿಷ್ ಲೆಕ್ಚರರ್ ಆಗಿ ಏನು ಪ್ರಯೋಜನ? ಕೊಲ್ಹಾಪುರಕ್ಕೆ ಹೋಗಿ ಕೋಟು ಹೊಲಿಸಿದೆ. ಹೊರಡುವ ವಾರ ಎಲ್ಲರನ್ನೂ ಕೂರಿಸಿ ವಿಮಾನದಲ್ಲಿ ಹೇಗಿರಬೇಕೆಂದು ಒಂದು ಕ್ಲಾಸು ತೆಗೆದುಕೊಂಡೆ. ಜೋರಾಗಿ ಮಾತಾಡಬಾರದು, ತಂಬಾಕು ಉಜ್ಜಬಾರದು, ಧೋತರ ಮೇಲೆ ಕಟ್ಟಬಾರದು. ಎರಡು ತಾಸು ಹೇಳಿದೆ. ಸೀಟಿನ ನಂಬರು ಟಿಕೆಟ್ಟಿನ ಮೇಲೆ ಬರೆದಿರುತ್ತದೆ, ಅಲ್ಲೇ ಕೂರಬೇಕು ಎಂಬುದೊಂದನ್ನು ಮಾತ್ರ ಹೇಳಲಿಲ್ಲ. ಅದನ್ನೂ ಹೇಳಬೇಕಾದೀತೆಂದು ಹೊಳೆಯಲೇ ಇಲ್ಲ.

ಹೊರಡುವ ದಿನ ವೈನಿ, ಅಂದರೆ ಅಣ್ಣನ ಹೆಂಡತಿ, ಯಡೂರಿನ ವೀರಭದ್ರನ ಗುಡಿಗೆ ಹೋಗಿ ಬಂದು, ನಮ್ಮಿಬ್ಬರ ಹಣೆಗೆ ಹಚ್ಚಿದ್ದು ಸಾಲದೆಂದು ಪಾಸ್‌ಪೋರ್ಟ್ ತೆರೆದು ಒಳಗಿನ ಫೋಟೋಗಳಿಗೂ ಕುಂಕುಮ ಇಟ್ಟಳು. ಮುಂಬಯಿಯ ನಿಲ್ದಾಣದಲ್ಲಿ ತಪಾಸಣೆಯ ಅಧಿಕಾರಿ ಅಣ್ಣನ ಫೋಟೋದ ಮೇಲೆ ಉಫ್ ಎಂದು ಊದಿ, ಕೆಂಪಾದ ಬೆರಳನ್ನು ಒಮ್ಮೆ ನೋಡಿಕೊಂಡು, ನಮ್ಮ ಸಾಲನ್ನೆಲ್ಲ ನೋಡಿದ. ಹದಿನೆಂಟು ಮಂದಿಯ ಕೈಯಲ್ಲೂ ಬುತ್ತಿಯ ಗಂಟು. ನಾನು ಆ ಸಾಲಿನಿಂದ ಒಂದು ಮಾರು ಆಚೆ ಸರಿದು ನಿಂತೆ. ನನ್ನ ನಾಚಿಕೆ ಶುರುವಾದದ್ದು ಅಲ್ಲಿಂದಲೇ ಇರಬೇಕು. ಆಗ ಅದು ಅವರ ಬಗ್ಗೆ ಇತ್ತು.

ಬಾಗಿಲು ತೆರೆದು ಎಲ್ಲರನ್ನೂ ವಿಮಾನಕ್ಕೆ ಬಿಡತೊಡಗಿದರು. ನಾನು ಗಡಿಬಿಡಿಯ ಮನುಷ್ಯನಲ್ಲವೆಂದು ತೋರಿಸಲು ಹಿಂದೆ ಉಳಿದೆ. ಅಣ್ಣ ಉಳಿಯಲಿಲ್ಲ. ಜನರ ಗರ್ದಿ ನೋಡಿದ್ದೇ ತಡ, ಅವನ ಕಾಲಿಗೆ ಹಳೆಯ ಚುರುಕು ಬಂತು. ಧೋತರದ ಚುಂಗು ಹಿಡಿದು, ನಾಲ್ಕು ಜನರನ್ನು ದಾಟಿ, ಆ ಉದ್ದನೆಯ ಕೊಳವೆಯಂಥ ದಾರಿಯಲ್ಲಿ ಓಡಿಯೇಬಿಟ್ಟ.

ನಾನು ನಿಧಾನವಾಗಿ ಒಳಗೆ ಹೋದಾಗ ನಡುವಿನ ದಾರಿ ಕಟ್ಟಿಕೊಂಡಿತ್ತು. ಇಬ್ಬರು ವಯಸ್ಸಾದ ವಿದೇಶಿಗರು, ಗಂಡ ಹೆಂಡತಿ, ಕೈಯಲ್ಲಿ ಟಿಕೆಟ್ ಹಿಡಿದು ತಮ್ಮ ಸೀಟನ್ನು ನೋಡುತ್ತ ನಿಂತಿದ್ದರು. ಆ ಕಿಟಕಿಯ ಸೀಟಿನ ಮೇಲೆ, ನಾಲ್ಕೂ ಮೂಲೆ ಸರಿಯಾಗಿ ಹರವಿ, ಅಣ್ಣನ ಟವೆಲ್ಲು. ಅದರ ಮೇಲೆ ಅವನ ಒಂದು ಕೈ. ಗಗನಸಖಿ ಏನೋ ಕೇಳುತ್ತಿದ್ದಳು. ಅಣ್ಣ ತನಗೆ ಬರುವ ಹಿಂದಿಯಲ್ಲಿ, ಬಾರದಲ್ಲಿ ಮರಾಠಿ ಸೇರಿಸಿ, ತಿಳಿಸಿ ಹೇಳುತ್ತಿದ್ದ. ಮೇರಾ ಆದಮೀ ಆತಾ ಹೈ ಬಾಯಿ, ಉಸಕೋ ಉಲಟೀ ಹೋತಿ, ಖಿಡಕೀ ಪಾಯಿಜೇ. ಅಂದರೆ, ನಮ್ಮವನೊಬ್ಬ ಬರುತ್ತಿದ್ದಾನೆ, ಅವನಿಗೆ ವಾಂತಿಯಾಗುತ್ತದೆ, ಕಿಟಕಿ ಬೇಕು.

ನನಗೆ ವಾಂತಿ ನಿಂತು ಇಪ್ಪತ್ತೈದು ವರ್ಷವಾಗಿತ್ತು.

ಅಷ್ಟರಲ್ಲಿ ನನ್ನನ್ನು ಕಂಡ. ಅವನ ಮುಖದ ಮೇಲೆ ಬಂದ ಕಳೆಯನ್ನು ನಾನು ಮರೆತಿಲ್ಲ. ಗೆದ್ದವನ ಮುಖ. “ಬಾ ತಮ್ಮಾ, ಬಾ! ಜಾಗಾ ಹಿಡದೇನಿ ನೋಡ!” ಎಂದು ಆ ವಿಮಾನವೆಲ್ಲ ತಿರುಗಿ ನೋಡುವ ಹಾಗೆ ಕೂಗಿದ.

ಗಗನಸಖಿ ನನ್ನ ಕಡೆ ತಿರುಗಿದಳು. ಕನ್ನಡ ಬಾರದವಳು. ನನ್ನ ಕೋಟು ನೋಡಿ ಅವಳಿಗೆ ಸಮಾಧಾನವಾದಂತಿತ್ತು. ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ, ಇವರು ನಿಮ್ಮ ಜೊತೆಯವರೇ ಸರ್ ಎಂದು ಕೇಳಿದಳು.

“ನೋ” ಅಂದೆ.

ಆ ಪ್ರಶ್ನೆಗೆ ಬೇರೆ ಉತ್ತರಗಳೂ ಇದ್ದವು. ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದವನಿಗೆ ಅವು ಗೊತ್ತಿಲ್ಲವೆಂದಲ್ಲ. ಯೋಚನೆ ಮಾಡಿ ಹೇಳಿದ ಮಾತೂ ಅಲ್ಲ ಅದು. ಬಾಯಿಯಿಂದ ತಾನೇ ಬಂತು, ಬಹಳ ದಿನದಿಂದ ಬಾಯಲ್ಲೇ ಇದ್ದದ್ದು ಬಂದ ಹಾಗೆ.

ಅಣ್ಣನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಆ ಒಂದು ಮಾತು ಬರುತ್ತದೆ. ರಫ್ತಿನ ಹಣ್ಣು ನೋಡಲು ಬರುವವರು ಗೊಂಚಲನ್ನು ಎತ್ತಿ ಹಿಡಿದು, ತಿರುಗಿಸಿ ನೋಡಿ, ಅದೇ ಮಾತು ಅಂದು ಬದಿಗಿಡುತ್ತಾರೆ. ಪ್ರತಿ ಸುಗ್ಗಿಯಲ್ಲೂ ಅವನು ಅದನ್ನು ಕೇಳುತ್ತ ನಿಂತಿರುತ್ತಾನೆ.

ಅವನು ಟವೆಲ್ಲು ತೆಗೆದು ಹೆಗಲ ಮೇಲೆ ಹಾಕಿಕೊಂಡ. ಆ ವಿದೇಶಿ ಹೆಂಗಸಿಗೆ, “ಬರ್ರಿ ಅವ್ವಾರ, ಕುಂದರ್ರಿ” ಎಂದು ಕೈ ಮಾಡಿ, ತನ್ನ ಬುತ್ತಿ ಎತ್ತಿಕೊಂಡು, ಗಗನಸಖಿ ತೋರಿಸಿದ ಹಾಗೆ ಹಿಂದೆ ಹಿಂದೆ ಹೋದ. ನನ್ನನ್ನು ದಾಟುವಾಗ, ನನ್ನ ಕೋಟಿಗೆ ಬುತ್ತಿ ತಾಗದ ಹಾಗೆ ಅದನ್ನು ಆಚೆ ಮಗ್ಗುಲಿಗೆ ಹಿಡಿದುಕೊಂಡ.

ಅವನ ಸೀಟು ಎಲ್ಲೋ ಕೊನೆಗಿತ್ತು, ನನ್ನದು ನಡುವೆ. ವಿಮಾನ ಏರಿತು. ಒಂಬತ್ತು ತಾಸಿನ ದಾರಿ. ಹಿಂದಿನಿಂದ ಶೇಂಗಾ ಚಟ್ನಿಯ ವಾಸನೆ ಬಂತು, ನಮ್ಮವರು ಬುತ್ತಿ ಬಿಚ್ಚಿದ್ದರು. ನಗು ಕೇಳಿಸಿತು. ಎದ್ದು ಹೋಗಬಹುದಿತ್ತು, ಇಪ್ಪತ್ತು ಹೆಜ್ಜೆ. ಹೋಗಲಿಲ್ಲ. ಅವನಿಗೆ ಕೇಳಿಸಿರಲಿಕ್ಕಿಲ್ಲ, ವಿಮಾನದ ಸದ್ದು ಎಷ್ಟಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಕೇಳಿಸಿದ್ದರೂ ಸೀಟು ಜೊತೆಗಿಲ್ಲ ಎಂಬ ಅರ್ಥದಲ್ಲಿ ತೆಗೆದುಕೊಂಡಿರುತ್ತಾನೆ ಎಂದುಕೊಂಡೆ. ಮುಂದಿನ ಪರದೆಯ ಮೇಲೆ ಸಣ್ಣ ವಿಮಾನವೊಂದು ಸಮುದ್ರ ದಾಟುತ್ತಿತ್ತು. ಅದನ್ನು ನೋಡುತ್ತ ಕೂತೆ.

ಎರಡು ತಾಸು ಕಳೆದಿರಬೇಕು, ಅದೇ ಗಗನಸಖಿ ಬಂದಳು. ತಟ್ಟೆಯಲ್ಲಿ ಒಂದು ಲಿಂಬೆಹಣ್ಣು. ಹಿಂದೆ ಕೂತ ಆ ಹಿರಿಯರು ಕಳಿಸಿದ್ದಾರೆ ಸರ್ ಅಂದಳು. ಮೂಸಿ ನೋಡಬೇಕಂತೆ ಎಂದು ಕೈಯಿಂದ ಮಾಡಿ ತೋರಿಸಿದಳು, ಅಣ್ಣ ಅವಳಿಗೆ ಹಾಗೆ ತೋರಿಸಿರಬೇಕು. ಎಲ್ಲರಿಗೂ ನಗುವ ಹಾಗೇ ನಕ್ಕು ಹೋದಳು. ಗುರುತಿಲ್ಲದವನ ಹೊಟ್ಟೆಯ ಸಂಕಟದ ಬಗ್ಗೆ ಯಾವ ಮನುಷ್ಯ ಇಷ್ಟು ತಲೆ ಕೆಡಿಸಿಕೊಳ್ಳುತ್ತಾನೆ? ಅವಳಿಗೆ ತಿಳಿದಿತ್ತು. ತಿಳಿದೂ ಸರ್ ಅಂದಳು. ಉಳಿದ ಏಳು ತಾಸು ನಾನು ಅವಳನ್ನು ನೀರು ಕೂಡ ಕೇಳಲಿಲ್ಲ.

ಹಾಲಂಡಿನಲ್ಲಿ ಅಣ್ಣ ಎಂದಿನಂತೆಯೇ ಇದ್ದ. ಅದು ನನಗೆ ಬಹಳ ಅನುಕೂಲವಾಯಿತು. ಗಾಜಿನ ಮನೆಯೊಳಗಿನ ಬೆಳೆ ನೋಡಿದೆವು, ಹಣ್ಣಿನ ದೊಡ್ಡ ಉಗ್ರಾಣ ನೋಡಿದೆವು. ಅಲ್ಲಿ ದ್ರಾಕ್ಷಿಯ ಪೆಟ್ಟಿಗೆ ಕಂಡ ಕೂಡಲೇ ಅಣ್ಣ ಒಂದು ಗೊಂಚಲು ಎತ್ತಿ, ತೂಗಿ, ಮೂಸಿ, “ನೀರ ಹೆಚ್ಚ ಕೊಟ್ಟಾರ ಮಕ್ಳು” ಎಂದು ಬೈದ. ಉಗ್ರಾಣದ ಮಾಲೀಕನಿಗೆ ನನ್ನನ್ನು ತೋರಿಸಿ, ನನ್ನ ಹೆಗಲ ಮೇಲೆ ಕೈ ಹಾಕಿ, “ಬ್ರದರ್. ಪ್ರೊಫೆಸರ್” ಅಂದ. ಹೋದಲ್ಲೆಲ್ಲ ಹೀಗೇ. ಹಾಲು ಕರೆಯುವ ಯಂತ್ರದ ಮುಂದೆ ನಿಂತಿದ್ದ ಮುದುಕಿಗೂ ಹೇಳಿದ. ಅವನು ಬ್ರದರ್ ಅಂದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು, ಹಿಂದೆಯೇ ಹಗುರವೂ ಆಗುತ್ತಿತ್ತು. ಗೊತ್ತಾಗಿಲ್ಲ ಇವನಿಗೆ, ಗೊತ್ತಾಗಿದ್ದರೆ ಹೀಗೆ ಹೇಳುತ್ತಿದ್ದನೇ? ಆದರೂ ಹೇಳಿಬಿಡಬೇಕು, ತಪ್ಪಾಯಿತು ಅಣ್ಣಾ ಅಂದುಬಿಡಬೇಕು ಎಂದು ನಾಲ್ಕು ದಿನ ಅಂದುಕೊಂಡೆ. ಒಮ್ಮೆ ಬಾಯಿ ತೆರೆದೆ ಕೂಡ. ಅವನು, “ಹಸದ್ಯೇನೋ?” ಎಂದು ಕೇಳಿ, ಉಳಿದಿದ್ದ ರೊಟ್ಟಿ ಕೊಟ್ಟ. ತಿಂದೆ.

ವಾಪಸು ಬರುವ ದಿನ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳಿಗೆ ನಾನೇ ಹೇಳಿ ನಮ್ಮಿಬ್ಬರ ಸೀಟು ಅಕ್ಕಪಕ್ಕ ಹಾಕಿಸಿದೆ, ಒಂದು ಕಿಟಕಿಯದು. ಅಣ್ಣನನ್ನು ಕಿಟಕಿಗೆ ಕೂರಿಸಬೇಕು, ಮೋಡ ನೋಡುತ್ತಿರುವಾಗ ಮೆಲ್ಲಗೆ ಮಾತು ತೆಗೆಯಬೇಕು. ಒಂಬತ್ತು ತಾಸಿದೆ, ಎಲ್ಲಿಗೆ ಹೋಗುತ್ತಾನೆ? ಯಾವ ಮಾತಿನಿಂದ ಶುರು ಮಾಡುವುದೆಂದೂ ಗಟ್ಟಿ ಮಾಡಿಕೊಂಡಿದ್ದೆ.

ಸಾಲಿನಲ್ಲಿ ನಿಂತಾಗ ಅಣ್ಣ ತನ್ನ ಚೀಟಿಯನ್ನೂ ನನ್ನದನ್ನೂ ಪಕ್ಕಪಕ್ಕ ಹಿಡಿದು ಅಂಕಿಗಳನ್ನು ನೋಡಿದ. ನಂಬರಿನ ವಿಷಯ ಈಗ ಅವನಿಗೆ ತಿಳಿದಿತ್ತು. ನಮ್ಮ ಜೊತೆ ಬಂದಿದ್ದ ಉಗಾರದ ಶ್ರೀಪಾಲಣ್ಣನನ್ನು ಕರೆದು, ಒಳಗೆ ಹೋದ ಮೇಲೆ ಸೀಟು ಅದಲುಬದಲು ಮಾಡಿಕೊಳ್ಳೋಣವೆಂದು ಒಪ್ಪಿಸಿದ. ಶ್ರೀಪಾಲಣ್ಣ ದ್ರಾಕ್ಷಿಯ ಜೊತೆಗೆ ಸಕ್ಕರೆ ಕಾರ್ಖಾನೆಯ ನೌಕರಿಯನ್ನೂ ಮಾಡಿದವನು, ಪ್ಯಾಂಟು ಶರ್ಟು, ನಾಲ್ಕು ಮಾತು ಇಂಗ್ಲಿಷೂ ಬರುತ್ತಿತ್ತು. ಆಮೇಲೆ ಅಣ್ಣ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ದನಿ ತಗ್ಗಿಸಿದ.

“ನಿನ್ನ ಬಾಜೂಕ ಶ್ರೀಪಾಲಣ್ಣ ಕುಂದರತಾನ. ನಾ ಹಿಂದ ಹೋಗತೀನಿ. ಈ ಸಲ ಯಾರರ ಕೇಳಿದ್ರ ನಾನೂ ಗುರ್ತಿಲ್ಲಂತನ ಹೇಳತೀನಿ. ನೀ ಏನೂ ಅಂಜಬ್ಯಾಡ, ಆರಾಮ ಕುಂತ ಬಾ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚೂ ಇರಲಿಲ್ಲ. ನಾಳೆ ಮಳೆ ಬರಬಹುದು, ಕೊಡೆ ಇಟ್ಟುಕೋ ಅನ್ನುವ ಹಾಗೆ ಹೇಳಿದ. ನನಗೆ ತೊಂದರೆಯಾಗಬಾರದೆಂದು ನಾಲ್ಕು ದಿನ ಯೋಚನೆ ಮಾಡಿ ಅವನು ಕಂಡುಕೊಂಡ ದಾರಿ ಅದು. ನಿಜವಾಗಿಯೂ ಹಾಗೇ ಮಾಡುವವನಿದ್ದ.

ಬ್ಯಾಡ ಅಣ್ಣಾ, ನೀನ ನನ್ನ ಬಾಜೂಕ ಕುಂದ್ರು ಅನ್ನಬೇಕಿತ್ತು. ಅದಕ್ಕೆ ಇಂಗ್ಲಿಷ್ ಬೇಕಿರಲಿಲ್ಲ. ನಮ್ಮ ಹಿಂದೆ ಸಾಲು ಬೆಳೆದಿತ್ತು, ಟಿಕೆಟ್ ನೋಡುವವಳು ನಮ್ಮ ಕಡೆಗೇ ನೋಡುತ್ತಿದ್ದಳು, ಅಣ್ಣ ಉತ್ತರಕ್ಕಾಗಿ ನನ್ನ ಮುಖ ನೋಡುತ್ತ ನಿಂತಿದ್ದ.

“ಹೂಂ” ಅಂದೆ.